ಪರಶುರಾಮ ಕೇಳಿದ ಎರಡನೇ ವರ

ಅವ್ವ ತೀರಿಕೊಂಡ ಮನೆಗೆ ಬರುವವರ ಬಾಯಲ್ಲಿ ಒಂದೇ ಮಾತು: "ಪುಣ್ಯವಂತಿ, ದೇವ್ರ ಪಾದ ಸೇರ್ಯಾಳ, ಅಳಬ್ಯಾಡ." ದೇವದುರ್ಗದ ನಮ್ಮ ಮನೆಯಲ್ಲೂ ಇದೇ ಆಯ್ತು. ಮಾತು ತಪ್ಪಲ್ಲ, ಹೇಳಿದವರ ಪ್ರೀತಿಯೂ ಸುಳ್ಳಲ್ಲ. ಆದ್ರೆ ದಿನಕರ್ಮ ಮುಗಿಸಿ, ಬೆಂಗಳೂರಿನ ಬಸ್ಸು ಹತ್ತಿ, ಸೋಮವಾರ ಲ್ಯಾಪ್‌ಟಾಪ್ ತೆರೆದು ಕೂತಾಗ ಆ ಮಾತು ಎಷ್ಟು ಹೊತ್ತು ಕೈ ಹಿಡಿಯುತ್ತೆ? ಅವಳು ಎಲ್ಲಿದ್ದಾಳೆ ಅನ್ನೋದು ನನ್ನ ಪ್ರಶ್ನೆ ಆಗಿರಲೇ ಇಲ್ಲ. ಅವಳಿಗಾಗಿ ಇನ್ನು ಏನು ಮಾಡಬಹುದು ಅನ್ನೋದು ಪ್ರಶ್ನೆ.

ನಮ್ಮ ಕಡೆಯವರಿಗೆ ನೀರಮಾನ್ವಿಯ ಯಲ್ಲಮ್ಮ ಗೊತ್ತು. ಮಾನ್ವಿ ಹತ್ತಿರದ ಆ ಊರಿನ ಜಾತ್ರೆಗೆ ಸುತ್ತಲಿನ ಜನರೆಲ್ಲ ಸೇರ್ತಾರೆ. ಯಲ್ಲಮ್ಮ ಅಂದ್ರೆ ರೇಣುಕೆ. ಅವಳ ಕಥೆ ಮಹಾಭಾರತದ ವನಪರ್ವದಲ್ಲೂ ಬರುತ್ತೆ. ಸಿಟ್ಟಾದ ಜಮದಗ್ನಿ, ಹೆತ್ತವಳನ್ನು ಕೊಲ್ಲು ಅಂತ ಮಕ್ಕಳಿಗೆ ಒಬ್ಬೊಬ್ಬರಿಗೇ ಹೇಳ್ತಾನೆ. ಹಿರಿಯ ನಾಲ್ವರು ಒಪ್ಪಲ್ಲ, ಶಾಪ ತಗೋತಾರೆ. (ಆ ನಾಲ್ವರಿಗೆ ಎಲ್ಲಾದರೂ ಒಂದು ಗುಡಿ ಇರಬೇಕಿತ್ತು ಅನ್ಸುತ್ತೆ ನನಗೆ.) ಕಿರಿಯವ ಪರಶುರಾಮ ಕೊಡಲಿ ಎತ್ತುತ್ತಾನೆ. ಮೆಚ್ಚಿದ ಅಪ್ಪ ವರ ಕೇಳು ಅಂದಾಗ ಅವನು ಮೊದಲು ಕೇಳೋದು, ಅವ್ವ ಬದುಕಲಿ ಅಂತ. ಎರಡನೇದು, ತನ್ನನ್ನು ಕೊಂದದ್ದು ಅವಳಿಗೆ ನೆನಪಿರಬಾರದು ಅಂತ.

ಮೊದಲನೇ ವರ ತಾಯಿ ಕಳಕೊಂಡ ಯಾರಿಗಾದರೂ ಅರ್ಥ ಆಗುತ್ತೆ. ಎರಡನೇದು ನನ್ನನ್ನು ಕಾಡುತ್ತೆ. ಅದು ಅವಳ ನೆಮ್ಮದಿಗೋ, ಮಗನ ನೆಮ್ಮದಿಗೋ? ಅವಳು ಮರೆತರೆ ಅವನು ಅವಳ ಮುಖ ನೋಡಿ ಏನನ್ನೂ ಹೇಳಬೇಕಾಗಿಲ್ಲ. ನಾವು ಅವ್ವಂದಿರನ್ನು ಗೌರವಿಸುವ ರೀತಿಯಲ್ಲೂ ಈ ಎರಡನೇ ವರ ಕೂತಿದೆ. ತ್ಯಾಗಮಯಿ, ಕ್ಷಮಾಮಯಿ ಅಂತ ಹೊಗಳಿಬಿಟ್ರೆ ಅವಳಿಗೂ ನೋವಿತ್ತು, ಸಿಟ್ಟಿತ್ತು ಅನ್ನೋದು ಅಳಿಸಿಯೇ ಹೋಗುತ್ತೆ. ಹಾರ ಹಾಕಿದ ಫೋಟೊ ಯಾರನ್ನೂ ಬೈಯಲ್ಲ. ನಮ್ಮವ್ವ ಬೈತಿದ್ಲು. ಎಲ್ಲರಿಗೂ ರೊಟ್ಟಿ ಬಡಿದಿಟ್ಟು, ಹತ್ತಿ ಬಿಡಸಾಕ ಹೋಗಿ ಬಂದು, ಬುಟ್ಟಿಯಲ್ಲಿ ತನಗಂತ ಒಂದು ಚೂರೂ ಉಳಿದಿಲ್ಲದ ದಿನ ಓಣಿಗೆಲ್ಲ ಕೇಳಿಸುವಂಗ ಬೈತಿದ್ಲು. ಆ ಬೈಗುಳ ಬಿಟ್ಟು ಅವಳನ್ನು ನೆನೆದರೆ ಬೇರೆ ಯಾರನ್ನೋ ನೆನೆದಂಗ.

ಗಯೆಯಲ್ಲಿ ಮಾತೃ ಷೋಡಶಿ ಅಂತ ಒಂದು ವಿಧಿ ಇದೆ. ತಾಯಿಗೆ 16 ಪಿಂಡ. ಪಿಂಡ ಇಡುತ್ತಾ ಅವಳು ಪಟ್ಟ ಕಷ್ಟಗಳನ್ನು ಒಂದೊಂದಾಗಿ ಹೇಳಬೇಕು: ಬಸುರಿನ ಸಂಕಟ, ಹೆರಿಗೆಯ ನೋವು, ಕೂಸಿಗಾಗಿ ನಿದ್ದೆಗೆಟ್ಟ ರಾತ್ರಿಗಳು. ಪರಶುರಾಮನ ವರಕ್ಕೆ ಪೂರ್ತಿ ಉಲ್ಟಾ ಇದು. ಇಲ್ಲಿ ನೆನಪಿಡುವ ಕೆಲಸ ಮಕ್ಕಳದು. ಪಿಂಡ ಅವಳಿಗೆ ಮುಟ್ಟುತ್ತೋ ಇಲ್ಲವೋ, ವಾದ ಮಾಡುವವರು ಮಾಡಲಿ. ಹೇಳುವವನ ಕಿವಿಗಂತೂ ಮುಟ್ಟುತ್ತೆ.

ರಾಯಚೂರಿನ ಗೆಳೆಯನೊಬ್ಬ ಹದೀಸಿನ ಒಂದು ಪ್ರಸಂಗ ಹೇಳಿದ. ಸಾದ್ ಬಿನ್ ಉಬಾದಾ ಊರಲ್ಲಿ ಇಲ್ಲದಾಗ ಅವರ ತಾಯಿ ತೀರಿಕೊಂಡರು. ಅವ್ವನ ಹೆಸರಲ್ಲಿ ನಾನು ದಾನ ಕೊಟ್ಟರೆ ಅವಳಿಗೆ ಉಪಯೋಗ ಆಗುತ್ತಾ ಅಂತ ಅವರು ಪ್ರವಾದಿಯವರನ್ನು ಕೇಳಿದರು. ಹೌದು ಅಂದಾಗ ತಮ್ಮ ತೋಟವನ್ನೇ ಕೊಟ್ಟುಬಿಟ್ಟರು. ಫೋನು ಬಂದಾಗ ಬೇರೆ ಊರಿನಲ್ಲಿರುವ ನಮ್ಮಂಥವರ ಪ್ರಶ್ನೆಯನ್ನು 1400 ವರ್ಷದ ಹಿಂದೆಯೇ ಒಬ್ಬರು ಕೇಳಿದ್ದರು. ಪಾದ ಸೇರಿದ ಮಾತಿಗಿಂತ ಇದು ನನಗೆ ಹೆಚ್ಚು ಸಮಾಧಾನ ಕೊಟ್ಟಿತು. ನಂಬಿಕೆಯಿಂದ ನನಗೆ ಬೇಕಾಗಿದ್ದೂ ಇಷ್ಟೇ, ಕೈಗೆ ಒಂದು ಕೆಲಸ.

ತೋಟ ನಮಗಿಲ್ಲ. ನಮ್ಮ ಬಿಸಿಲು ಗೊತ್ತಲ್ಲ, ಈ ಬೇಸಿಗೆಗೆ ದೇವದುರ್ಗದಲ್ಲಿ ಅವ್ವನ ಹೆಸರಲ್ಲಿ ಅರವಟಿಗೆ ಇಡೋಣ ಅಂತ ತಂಗಿ, ನಾನು ಮಾತಾಡಿದ್ದೀವಿ. ಬೋರ್ಡಿನ ಮೇಲೆ ಹೆಸರಿನ ಹಿಂದೆ "ತ್ಯಾಗಮಯಿ" ಅಂತ ಬರೆಸಬೇಕು ಅನ್ನೋದು ಸೋದರಮಾವನ ಆಸೆ. ತಂಗಿ ಒಪ್ಪಲಿಲ್ಲ. "ಬರೀ ಹೆಸರು ಸಾಕು ಮಾವ. ನೀರು ಮಾತ್ರ ಮಣ್ಣಿನ ಗಡಿಗ್ಯಾಗ ಇಡೂಣು. ಪ್ಲಾಸ್ಟಿಕ್ ಕ್ಯಾನ್ ಇಟ್ರ ಅಕಿ ಬೈತಿದ್ಲು."