ಬಿಡಿಭಾಗಗಳ ಬಂದೂಕು ಮತ್ತು ಸಮ್ಯಕ್ ಆಜೀವ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಮ್ಮ ಅಧ್ಯಯನ ಬಳಗದ ಎಲ್ಲ ಉಪಾಸಕ ಉಪಾಸಿಕೆಯರಿಗೆ ಇಂದಿನ ಚಿಂತನೆ.

ಕಳೆದ ಭಾನುವಾರ ವಂದನೆ ಮುಗಿದು ಚಹಾ ಕುಡಿಯುತ್ತಿದ್ದಾಗ ನಮ್ಮ ಬಳಗದ ಒಬ್ಬ ತಮ್ಮ ಪಕ್ಕಕ್ಕೆ ಕರೆದು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅವನು ಲೇತ್ ಮಷಿನ್ ಕೆಲಸದವನು, ಕೈಗುಣ ಒಳ್ಳೆಯದು. ವಿಡಿಯೋ ಅಮೆರಿಕದ್ದು. ಅಲ್ಲಿ ಸೈನ್ಯಗಳು ಬಳಸಿ ಬಿಟ್ಟ ಹಳೆಯ ರೈಫಲ್‌ಗಳ ರಿಸೀವರ್ ಎನ್ನುವ ನಡುವಿನ ಒಡಲನ್ನು ಗ್ಯಾಸ್ ಕಟರಿನಿಂದ ತುಂಡರಿಸಿ, ಉಳಿದ ಭಾಗಗಳನ್ನು ಕಿಟ್ ಮಾಡಿ ಮಾರುತ್ತಾರೆ. ಅಲ್ಲಿನ ಕಾನೂನಿಗೆ ಆ ಒಡಲೊಂದೇ ಬಂದೂಕು, ಉಳಿದದ್ದು ಬರೀ ಕಬ್ಬಿಣ ಮತ್ತು ಕಟ್ಟಿಗೆ. ಹವ್ಯಾಸಿಗಳು ಹೊಸ ಒಡಲು ತಂದು ಮನೆಯ ಶೆಡ್ಡಿನಲ್ಲಿ ಕೂತು ಜೋಡಿಸುತ್ತಾರೆ. ಆ ಮನುಷ್ಯ ಹಳೆಯ ಕಟ್ಟಿಗೆಗೆ ಎಣ್ಣೆ ಸವರುವುದನ್ನು ನೋಡುತ್ತಾ ನನಗೂ ಹತ್ತು ನಿಮಿಷ ಹೋದದ್ದು ತಿಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ.

ತಮ್ಮ ಕೇಳಿದ: "ಕಾಕಾ, ನಾ ಏನ್ ಮಾರಂಗಿಲ್ಲರೀ. ಯಾರ್ನೂ ಹೊಡ್ಯಾಂವೂ ಅಲ್ಲ. ಬರೇ ಮಾಡಿ ನೋಡಬೇಕಂತ ಆಸೆ. ಬುದ್ಧರು ಬ್ಯಾಡ ಅಂದದ್ದು ಶಸ್ತ್ರದ ವ್ಯಾಪಾರ ಅಲ್ಲೇನ್ರೀ?"

ಅವನು ಓದಿಕೊಂಡೇ ಕೇಳಿದ್ದಾನೆ. ಅಂಗುತ್ತರ ನಿಕಾಯದಲ್ಲಿ ಭಗವಾನ್ ಬುದ್ಧರು ಗೃಹಸ್ಥ ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಹೇಳಿದ್ದಾರೆ. ಶಸ್ತ್ರ, ಜೀವಿಗಳು, ಮಾಂಸ, ಮದ್ಯ, ವಿಷ. ಮೊದಲ ಹೆಸರೇ ಶಸ್ತ್ರದ್ದು. ಆದರೆ ಅಲ್ಲಿರುವ ಮಾತು ವಣಿಜ್ಜಾ, ಅಂದರೆ ವ್ಯಾಪಾರ. ಹವ್ಯಾಸದ ಹೆಸರಿಲ್ಲ. ಹಾಗಾದರೆ ಬಾಗಿಲು ತೆರೆದಿದೆಯೇ?

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ, ಏಕೆಂದರೆ ಅಲ್ಲಿ ಅನುಮಾನವೇ ಇಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಶಸ್ತ್ರವೇ, ಅದನ್ನು ತಯಾರಿಸುವ ಯಂತ್ರವೂ ಆ ವ್ಯಾಖ್ಯೆಯೊಳಗೇ ಬರುತ್ತದೆ. ಪರವಾನಗಿ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಶಿಕ್ಷೆ. ಮಾರಲು ಮಾಡಿದೆಯೋ ಹವ್ಯಾಸಕ್ಕೆ ಮಾಡಿದೆಯೋ ಎಂದು ಯಾರೂ ಕೇಳುವುದಿಲ್ಲ. ನಮ್ಮ ಕೇರಿಯ ಹುಡುಗನ ಮನೆಯಲ್ಲಿ ಒಂದು ನಳಿಗೆ ಸಿಕ್ಕರೆ ಮರುದಿನ ಪೇಪರಿನಲ್ಲಿ ಏನು ಬರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಆದರೆ ಪೊಲೀಸರ ಹೆದರಿಕೆಯಿಂದ ಬಿಟ್ಟದ್ದು ಶೀಲವಾಗುವುದಿಲ್ಲ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಹಿಂಸೆಯ ವಿಷಯ ಬಂದಾಗ ಒಂದು ಗೆರೆ ಎಳೆಯುತ್ತಾರೆ. ಕೊಲ್ಲುವ ಅನಿವಾರ್ಯತೆ ಬೇರೆ, ಕೊಲ್ಲುವ ಇಚ್ಛೆ ಬೇರೆ. ಅಹಿಂಸೆ ಒಂದು ತತ್ವ, ಕುರುಡು ಕಟ್ಟಳೆ ಅಲ್ಲ, ವಿವೇಕದಿಂದ ನಡೆಸಬೇಕಾದದ್ದು ಎನ್ನುತ್ತಾರೆ. ಈ ಗೆರೆಯನ್ನೇ ಹಿಡಿದು ತಮ್ಮನಿಗೆ ಕೇಳಿದೆ: ಹವ್ಯಾಸ ಅಂತ ನೀನೇ ಹೇಳಿದೆ, ಅಂದಮೇಲೆ ಅನಿವಾರ್ಯತೆ ಇಲ್ಲ. ಹಾಗಾದರೆ ವಿಡಿಯೋ ನೋಡುವಾಗ, ಆ ಬಂದೂಕು ನಿನ್ನ ಕೈಯಲ್ಲಿದೆ ಅಂತ ಅಂದುಕೊಂಡಾಗ, ಎದುರಿಗೆ ಏನು ಕಾಣಿಸಿತು?

ಅವನು ಬಹಳ ಹೊತ್ತು ಸುಮ್ಮನಿದ್ದ. ಚಹಾ ಆರಿಹೋಯಿತು. ಆಮೇಲೆ ಹೇಳಿದ: "ಭೀಮ ಜಯಂತಿ ಮೆರವಣಿಗೆ ಅಡ್ಡಗಟ್ಟಿದ್ರಲ್ರೀ ಕಾಕಾ, ಅವ್ರ ಮಾರಿ ಕಾಣಸ್ತು."

ನಾನು ಅವನನ್ನು ಬೈಯಲಿಲ್ಲ. ಆ ಸಂಜೆ ನಾನೂ ಅಲ್ಲಿದ್ದೆ. ಅವನ ತಾಯಿ ಮಗನನ್ನು ಎಳೆದುಕೊಂಡು ಹೋದದ್ದನ್ನು ಕಂಡಿದ್ದೇನೆ. ಸಿಟ್ಟು ಬರುವುದು ತಪ್ಪಲ್ಲ, ಆದರೆ ಆ ಸಿಟ್ಟು ಹವ್ಯಾಸದ ಅಂಗಿ ತೊಟ್ಟು ಬಂದಿತ್ತು. ಅಂಗಿ ಕಳಚಿದ್ದು ಒಳ್ಳೆಯದಾಯಿತು.

ಬಾಬಾಸಾಹೇಬರು ನಮ್ಮವರ ಕೈಗೆ ಬಂದೂಕು ಬೇಡ ಎಂದವರಲ್ಲ. ಮಹಾರ್ ಸೈನಿಕರ ನೇಮಕಾತಿಯನ್ನು ಬ್ರಿಟಿಷರು ನಿಲ್ಲಿಸಿದ್ದರ ವಿರುದ್ಧ ತಂದೆ, ಸುಭೇದಾರ್ ರಾಮಜಿಯವರ ಕಾಲದಿಂದಲೂ ಹೋರಾಟ ನಡೆದಿತ್ತು. ಕೊನೆಗೆ 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದು ನಿಂತದ್ದು ನಮ್ಮ ಬೆಳಗಾವಿಯಲ್ಲೇ. ಆ ಬಂದೂಕಿಗೆ ನಂಬರ್ ಇತ್ತು, ಹಿಡಿದವನಿಗೆ ಸಮವಸ್ತ್ರ ಇತ್ತು, ಹಾರಿಸಿದ ಗುಂಡಿಗೆ ಲೆಕ್ಕ ಕೊಡಬೇಕಿತ್ತು. ಇನ್ನೊಂದು ಮಾತು ನಾವು ಮರೆಯುತ್ತೇವೆ. ರಾಮಜಿಯವರು ಸೇನೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಆ ಮನೆಗೆ ಸೇನೆ ತಂದ ದೊಡ್ಡ ಸಂಪತ್ತು ಅಕ್ಷರ.

ಹಿಂಬಾಗಿಲ ಕೋಣೆಯಲ್ಲಿ ತಯಾರಾದ ಬಂದೂಕಿಗೆ ನಂಬರ್ ಇರುವುದಿಲ್ಲ. 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ, ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ತನಿಖೆಯಲ್ಲಿ ಹೊರಬಂದದ್ದು 7.65 ಎಂಎಂ ನಾಡ ಪಿಸ್ತೂಲಿನ ಮಾತು. ಕೊಲ್ಹಾಪುರದಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ನಮ್ಮ ನಿಪ್ಪಾಣಿಯ ಮೇಲೇ ಹಾದುಹೋಗುತ್ತದೆ. ಆ ಪಿಸ್ತೂಲನ್ನೂ ಯಾರೋ ಒಬ್ಬ ಕೈಗುಣ ಇದ್ದವನೇ ಮಾಡಿರಬೇಕು. ಮಾಡುವಾಗ ಅದು ಯಾರ ಎದೆಗೆ ಹೋಗುತ್ತದೆ ಎಂದು ಅವನಿಗೂ ಗೊತ್ತಿರಲಿಕ್ಕಿಲ್ಲ.

ಸಿದ್ಧಾರ್ಥ ಮನೆ ಬಿಟ್ಟದ್ದು ಯಾಕೆ ಎಂಬುದಕ್ಕೆ ಬಾಬಾಸಾಹೇಬರು ಹೇಳುವ ಕಾರಣ ನೆನಪಿದೆಯಲ್ಲ? ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ. ಕೃಷ್ಣೆ, ದೂಧಗಂಗೆಯ ದಂಡೆಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೇನಾಪತಿ ಯುದ್ಧ ಎಂದ. ಸಿದ್ಧಾರ್ಥ, ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರು ಸೇರಿ ಐದನೆಯವನನ್ನು ಆರಿಸಲಿ, ಐವರೂ ಕೂತು ತೀರ್ಮಾನಿಸಲಿ ಎಂದ. ಸಂಘದಲ್ಲಿ ಆ ಮಾತು ಭಾರೀ ಬಹುಮತದಿಂದ ಬಿದ್ದುಹೋಯಿತು. ಸೋತರೂ ಅವನು ಶಸ್ತ್ರ ಹಿಡಿಯಲಿಲ್ಲ, ತನ್ನ ಮಾತನ್ನೂ ಹಿಂದೆಗೆದುಕೊಳ್ಳಲಿಲ್ಲ. ದೇಶ ಬಿಟ್ಟ. ಹೇಡಿಯಾದವನಿಗೆ ತುಂಬಿದ ಸಭೆಯಲ್ಲಿ ಎದ್ದುನಿಂತು ಅಷ್ಟು ಮಾಡಲು ಆಗುವುದಿಲ್ಲ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಒಪ್ಪಿದ ಎಂದು ಹೇಳಲಾರೆ. "ಐದು ಮಂದಿ ಕೂಡ್ರಾಕ ಅವ್ರು ಒಪ್ಪಬೇಕಲ್ರೀ" ಅಂದ. ಅದು ನಿಜ. ಆದರೂ ವಿಡಿಯೋ ಅಳಿಸಿದ. ಬರುವ ಜಯಂತಿಯ ಮೆರವಣಿಗೆ ದಾರಿಗೆ ಈಗಲೇ ಲಿಖಿತ ಅನುಮತಿಗೆ ಅರ್ಜಿ ಹಾಕಬೇಕು, ಎರಡೂ ಕಡೆಯ ಹಿರಿಯರನ್ನು ಮೊದಲೇ ಕೂಡಿಸಬೇಕು ಎಂದು ಮಾತಾಯಿತು. ಅರ್ಜಿ ಬರೆಯುವ ಕೆಲಸ ಅವನೇ ವಹಿಸಿಕೊಂಡಿದ್ದಾನೆ. ಬರುವ ಭಾನುವಾರ ವಂದನೆಯ ನಂತರ ಅದನ್ನು ಓದಿ ಸಹಿ ಮಾಡೋಣ, ಹೆಣ್ಣುಮಕ್ಕಳೂ ತಪ್ಪದೆ ಬನ್ನಿ.

ಜೈ ಭೀಮ್. ನಮೋ ಬುದ್ಧಾಯ.