ತನ್ನ ಇಚ್ಛೆಯಿಂದ ಅಪಾಯಕ್ಕೆ ಹೋದವನನ್ನು ಎತ್ತಬೇಕೋ?

ತಾನಾಗಿ ಅಪಾಯಕ್ಕೆ ಹೋದವನಿಗೋಸ್ಕರ ಮತ್ತೊಬ್ಬನು ತನ್ನ ಪ್ರಾಣವನ್ನು ಒಡ್ಡುವದು ಯುಕ್ತವೋ ಎಂದು ಕೆಲವರು ಕೇಳುತ್ತಾರೆ. ಒಂದು ದೃಷ್ಟಾಂತದಿಂದ ಇದನ್ನು ವಿಚಾರಿಸೋಣ.

ಅಮೇರಿಕಾ ದೇಶದ ವಾಷಿಂಗ್ಟನ್ ಸಂಸ್ಥಾನದಲ್ಲಿ 14,410 ಅಡಿ ಎತ್ತರದ ರೇನಿಯರ್ ಎಂಬ ಹಿಮಪರ್ವತವುಂಟು. ಅದನ್ನೂ ಅದರ ಸುತ್ತಲಿನ ಅರಣ್ಯವನ್ನೂ 1899ರಿಂದ ಸರಕಾರವು ಕಾಪಾಡುತ್ತಾ ಬಂದಿದೆ. ಅಲ್ಲಿಯ ಕಾವಲುಗಾರರಿಗೆ ರೇಂಜರರೆಂದು ಹೆಸರು. ಪರ್ವತವನ್ನು ಹತ್ತುವವರು ಬಿದ್ದರೆಂಬ ಸುದ್ದಿ ಮುಟ್ಟಿದರೆ ಅವರು ಹಗ್ಗ, ಔಷಧಗಳೊಂದಿಗೆ ಹೊರಡುವರು. ರಕ್ಷಿಸಿದ್ದಕ್ಕೆ ಕ್ರಯವನ್ನು ಕೇಳರು. 2012ನೆಯ ಇಸವಿಯ ಜೂನ್ 21ರಲ್ಲಿ ನಾಲ್ವರು ಅಲ್ಲಿಯ ಹಿಮದಲ್ಲಿ ಜಾರಿದರು. ಅವರಲ್ಲಿ ಇಬ್ಬರು ಬಿರುಕಿನೊಳಗೆ ಬಿದ್ದರು. ಗಾಯಪಟ್ಟವರನ್ನು ಹೆಲಿಕಾಪ್ಟರಿಗೆ ಏರಿಸುವ ಕೆಲಸದಲ್ಲಿದ್ದ ನಿಕ್ ಹಾಲ್ ಎಂಬ ರೇಂಜರನು ತಾನೇ ಜಾರಿಬಿದ್ದು ಸತ್ತನು. ಆ ನಾಲ್ವರೂ ಬದುಕಿದರು.

ಇದು ವ್ಯರ್ಥವಾಯಿತೆನ್ನಬಹುದೋ? ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನನ್ನು ಕಂಡ ಸಮಾರ್ಯದವನು, ಕಳ್ಳರಿರುವ ದಾರಿಯಲ್ಲಿ ಒಬ್ಬನೇ ಯಾಕೆ ಬಂದಿ ಎಂದು ವಿಚಾರಿಸಲಿಲ್ಲ. ಮೊದಲು ಗಾಯಗಳನ್ನು ಕಟ್ಟಿದನು. ಕುಡಿದು ಬಾವಿಗೆ ಬಿದ್ದವನಿಗೂ ಮೊದಲು ಹಗ್ಗ, ಆಮೇಲೆ ಬುದ್ಧಿ.

ಆದರೂ ಪ್ರೀತಿಯು ದುಡುಕುವಂಥದಲ್ಲ. ಬಿರುಗಾಳಿ ಬೀಸುವಾಗ ರೇಂಜರರು ಕಾದಿರುವದೂ ಉಂಟು. ಎತ್ತಹೋದವನೂ ಬಿದ್ದರೆ ಇಬ್ಬರನ್ನೂ ಎತ್ತುವವರಾರು? ಇದರಿಂದ ನಮಗೂ ಒಂದು ಎಚ್ಚರಿಕೆಯುಂಟು. ನಮ್ಮ ಅಜಾಗ್ರತೆಯ ಸಾಲವನ್ನು ಒಮ್ಮೊಮ್ಮೆ ಇನ್ನೊಬ್ಬನು ತನ್ನ ಜೀವದಿಂದ ತೀರಿಸಬೇಕಾಗುತ್ತದೆ. ಆದದರಿಂದ ಜಾಗ್ರತೆಯಾಗಿ ನಡೆಯುವದೂ ನೆರೆಯವನ ಮೇಲಣ ಪ್ರೀತಿಯೇ.

ಬಿದ್ದವನ ತಪ್ಪನ್ನು ಎಣಿಸುವ ಮೊದಲು ನೆನಸೋಣ: ನಾವೂ ಸ್ವಂತ ತಪ್ಪಿನಿಂದಲೇ ಬಿದ್ದು, ಕ್ರಯವಿಲ್ಲದೆ ಎತ್ತಲ್ಪಟ್ಟವರಲ್ಲವೇ?