ಹಳೆಯ ಗಾಡಿ, ಹೊಸ ಆಸೆ

ದೇವರಗುಡ್ಡದ ಏರನ್ನು ನನ್ನ ಹಳೆಯ ಮೋಟಾರ್‌ಸೈಕಲ್ಲು ಕೆಮ್ಮುತ್ತಲಾದರೂ ಹತ್ತುತ್ತದೆ. ಅದರ ಕಂತುಗಳೆಲ್ಲ ತೀರಿ ಬಹಳ ದಿನವಾಯಿತು. “ಇನ್ನಾದರೂ ಹೊಸದು ತೆಗೆದುಕೊಳ್ಳಿ, ಸರ್” ಎನ್ನುತ್ತಾರೆ ಸಹೋದ್ಯೋಗಿಗಳು. ಹಿಂದೆ ಕೂರುವ ಮಡದಿಯ ಕ್ಷೇಮದ ನೆವ ಹೇಳಿ ನಾನೂ ಮನಸ್ಸು ಮಾಡಿದ್ದೆ. ಮೆಕ್ಯಾನಿಕ್ ನೋಡಿ, ಬ್ರೇಕ್ ಶೂ ಬದಲಿಸಿದರೆ ಸಾಕೆಂದ. ಆಗ ನನಗಾದದ್ದು ಸಮಾಧಾನವಲ್ಲ, ನಿರಾಸೆ! ಅವಳ ಹೆಸರಿನಲ್ಲಿ ಮಾತಾಡುತ್ತಿದ್ದುದು ನನ್ನ ಆಸೆಯೇ ಎಂಬುದು ಅಂದು ತಿಳಿಯಿತು.

ಹಳೆಯದಾಯಿತೆಂಬುದೊಂದೇ ಕಾರಣವಾದೀತೆ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಯೆಜ್ದಿಗಳು ಇಂದಿಗೂ ಓಡುತ್ತಿವೆ.

ಈ ಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಗೊರವಯ್ಯ ಉಪವಾಸವಿದ್ದು, ಬಿಲ್ಲನ್ನೇರಿ, ಮುಂಬರುವ ದಿನಗಳ ಕಾರಣಿಕ ನುಡಿಯುತ್ತಾನೆ. ನುಡಿದು ಬೀಳುವವನನ್ನು ಹಿಡಿಯಲು ಕೆಳಗೆ ಭಕ್ತರಿರುತ್ತಾರೆ. ಸಾಲಪತ್ರಕ್ಕೆ ರುಜು ಹಾಕುವ ನಾವೂ ಕಾರಣಿಕವನ್ನೇ ನುಡಿಯುತ್ತೇವಲ್ಲವೆ? ಇನ್ನು 36 ತಿಂಗಳು ಆರೋಗ್ಯ ಕೆಡದು, ಸಂಬಳ ತಪ್ಪದು ಎಂದು! ನಮಗೆ ಉಪವಾಸದ ಕಷ್ಟವಿಲ್ಲ. ಬಿದ್ದರೆ ಹಿಡಿಯಬೇಕಾದವರು ಮಾತ್ರ ಮನೆಯವರೇ.

ಸಾಲವೆಲ್ಲ ತಪ್ಪೆಂದು ನಾನು ಹೇಳಲಾರೆ. ಈ ಗಾಡಿ ಬಂದದ್ದೂ ಸಾಲದಿಂದಲೇ. ಅಂದು ಅದು ಬೇಕಾಗಿತ್ತು. ಇಂದು ಹೊಸದು ಬೇಕೆನಿಸುತ್ತಿದೆ, ಅಷ್ಟೆ.

ಈ ಸಲ ಆಯುಧಪೂಜೆಯ ಹಾರ ಹಳೆಯ ಗಾಡಿಗೇ. ಬ್ರೇಕ್ ಶೂ ಮಾತ್ರ ಹೊಸದು.